1834ರ ಕೊಡಗಿನ ಯುದ್ಧ

1834ರ ಕೊಡಗಿನ ಯುದ್ಧವು ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡುವೆ ನಡೆದ ಅಲ್ಪಾವಧಿಯ ಯುದ್ಧ. ಏಪ್ರಿಲ್ ತಿಂಗಳ ಆರಂಭದಲ್ಲಿ ಗಡಿ ದಾಟಿದ ಕಂಪನಿಯ ಸೇನೆಯು 6ರಂದು ಮಡಿಕೇರಿಯನ್ನು ವಶಪಡಿಸಿಕೊಂಡಿತು. 10ರಂದು ಅರಸನು ಶರಣಾದನು. ಕೊಡಗಿನ ಪಡೆಗಳು ಎರಡು ಕಡೆ ಶತ್ರುವನ್ನು ಹಿಮ್ಮೆಟ್ಟಿಸಿದರೂ ರಾಜ್ಯವು ಕೆಲವೇ ದಿನಗಳಲ್ಲಿ ಕೈತಪ್ಪಿತು.

ಹಿನ್ನೆಲೆ

ಚಿಕ್ಕವೀರರಾಜೇಂದ್ರನು 1820ರಲ್ಲಿ ಪಟ್ಟಕ್ಕೆ ಬಂದನು. 1832ರಲ್ಲಿ ಅವನ ಸಹೋದರಿ ದೇವಮ್ಮಾಜಿ ಹಾಗೂ ಆಕೆಯ ಪತಿ ಚನ್ನಬಸವಪ್ಪ ಜೀವಭಯದಿಂದ ಮೈಸೂರು ಸೀಮೆಗೆ ಓಡಿಹೋಗಿ ಬ್ರಿಟಿಷ್ ರೆಸಿಡೆಂಟನ ಆಶ್ರಯ ಪಡೆದರು. ಅವರನ್ನು ಒಪ್ಪಿಸಬೇಕೆಂದು ಅರಸನು ಪಟ್ಟುಹಿಡಿದನು. ಮಾತುಕತೆಗೆ ಬಂದ ಕಂಪನಿಯ ಪ್ರತಿನಿಧಿಯನ್ನು ಸೆರೆಯಲ್ಲಿರಿಸಿದ್ದು ಯುದ್ಧಕ್ಕೆ ನೆಪವಾಯಿತು.

ಕೊಡಗಿನ ಸೈನ್ಯ

ಕೊಡಗಿನ ರಕ್ಷಣೆ ಜಮ್ಮಾ ಪದ್ಧತಿಯನ್ನು ಅವಲಂಬಿಸಿತ್ತು. ಕಡಿಮೆ ಕಂದಾಯಕ್ಕೆ ಭೂಮಿ ಪಡೆದ ಕುಟುಂಬಗಳು ಕರೆ ಬಂದಾಗ ಕೋವಿ, ಕತ್ತಿಗಳೊಡನೆ ಹಾಜರಾಗಬೇಕಿತ್ತು. ದಟ್ಟ ಕಾಡು, ಕಿರಿದಾದ ಘಾಟಿಗಳು ಮತ್ತು ದಾರಿಗಡ್ಡ ಕಟ್ಟಿದ ತಡೆಗೋಟೆಗಳು ಈ ಪಡೆಯ ಬಲ. ನಾಲ್ಕು ದಿಕ್ಕುಗಳಿಂದ ಏಕಕಾಲಕ್ಕೆ ನುಗ್ಗುವ ಕವಾಯತು ಸೇನೆಯನ್ನು ಎದುರಿಸಲು ಬೇಕಾದ ಒಗ್ಗೂಡಿದ ನಾಯಕತ್ವ ಅದಕ್ಕಿರಲಿಲ್ಲ.

ಯುದ್ಧದ ಗತಿ

ಬ್ರಿಗೇಡಿಯರ್ ಲಿಂಡ್ಸೆಯ ನೇತೃತ್ವದಲ್ಲಿ ಸುಮಾರು 6,000ದಿಂದ 7,000 ಸೈನಿಕರು ನಾಲ್ಕು ದಂಡುಗಳಾಗಿ ಹೊರಟರು. ಉತ್ತರದಲ್ಲಿ ಕರ್ನಲ್ ವಾ ನಡೆಸಿದ ದಂಡು ಏಪ್ರಿಲ್ 3ರಂದು ತಡೆಗೋಟೆಯೊಂದರ ಮುಂದೆ ಭಾರಿ ನಷ್ಟ ಅನುಭವಿಸಿ ಹಿಮ್ಮೆಟ್ಟಿತು. ಲೆಫ್ಟಿನೆಂಟ್ ಕರ್ನಲ್ ಮಿಲ್ ಅಲ್ಲಿ ಹತನಾದನು. ಕುಂಬಳೆಯ ಕಡೆಯಿಂದ ಘಟ್ಟ ಏರಲು ಹೊರಟ ದಂಡೂ ಸೋತು ಹಿಂದಿರುಗಿತು. ಕಣ್ಣೂರಿನಿಂದ ಬಂದ ದಂಡು ಹೆಗ್ಗಳ ಘಾಟಿಯಲ್ಲಿ ಪ್ರತಿರೋಧ ಎದುರಿಸಿ ವಿರಾಜಪೇಟೆಯತ್ತ ಸಾಗಿತು. ಪೂರ್ವದ ದಂಡು ಕಾವೇರಿಯನ್ನು ದಾಟಿ ಮಡಿಕೇರಿಯನ್ನು ತಲುಪಿತು. ಅರಸನು ಅಷ್ಟರಲ್ಲಿ ನಾಲ್ಕುನಾಡು ಅರಮನೆಗೆ ತೆರಳಿದ್ದನು.

ಸೋಲಿನ ಕಾರಣ

ಗಡಿಯಲ್ಲಿ ಹೋರಾಟ ನಡೆಯುತ್ತಿರುವಾಗಲೇ ಅರಸನು ಸಂಧಿಗೆ ಯತ್ನಿಸಿ, ಪ್ರತಿರೋಧ ನಿಲ್ಲಿಸುವಂತೆ ಹೇಳಿಕಳುಹಿಸಿದನು. ದಿವಾನ್ ಅಪ್ಪಾರಂಡ ಬೋಪು ಕಂಪನಿಯ ಪಕ್ಷ ಸೇರಿದನು. ಹೀಗಾಗಿ ಗಡಿಯ ಗೆಲುವುಗಳಿಂದ ರಾಜಧಾನಿಗೆ ಪ್ರಯೋಜನವಾಗಲಿಲ್ಲ. ಸೈನಿಕರ ಶೌರ್ಯಕ್ಕಿಂತ ಆಳ್ವಿಕೆಯ ಒಡಕೇ ಫಲಿತಾಂಶವನ್ನು ನಿರ್ಧರಿಸಿತು.

ಪರಿಣಾಮಗಳು

1834ರ ಮೇ 7ರಂದು ಕರ್ನಲ್ ಫ್ರೇಸರನು ಕೊಡಗನ್ನು ಕಂಪನಿಯ ಆಡಳಿತಕ್ಕೆ ಸೇರಿಸಿ ಘೋಷಣೆ ಹೊರಡಿಸಿದನು. ಅರಸನನ್ನು ಕಾಶಿಗೆ ಕಳುಹಿಸಲಾಯಿತು. 1852ರಲ್ಲಿ ಮಗಳು ಗೌರಮ್ಮಳೊಡನೆ ಇಂಗ್ಲೆಂಡಿಗೆ ಹೋದ ಅವನು 1859ರಲ್ಲಿ ಲಂಡನ್ನಿನಲ್ಲಿ ನಿಧನನಾದನು.

ಘಟ್ಟದ ಕೆಳಗಿನ ಅಮರ ಸುಳ್ಯ ಮತ್ತು ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಮೊದಲು ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ಕೊಡಬೇಕಾಯಿತು. ಈ ಅಸಮಾಧಾನವು 1837ರ ಅಮರ ಸುಳ್ಯ ಬಂಡಾಯಕ್ಕೆ ಮುಖ್ಯ ಕಾರಣಗಳಲ್ಲೊಂದಾಯಿತು. ಪ್ರತ್ಯೇಕ ಆಡಳಿತ ಘಟಕವಾಗಿ ಮುಂದುವರಿದ ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು.

ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’ ಕಾದಂಬರಿಗೆ ಈ ಅರಸನ ಪತನವೇ ವಸ್ತು.