ರಾಗಿಯನ್ನು ಅಳೆದ ಮಾನಗಳು

ನಮ್ಮ ದೇಶದಲ್ಲಿ ಆಹಾರವನ್ನು ಕುರಿತ ವ್ಯವಸ್ಥಿತ ಸಂಶೋಧನೆಗೆ ಸುಮಾರು ನೂರೈವತ್ತು ವರ್ಷಗಳ ಇತಿಹಾಸವುಂಟು. ಈ ಅವಧಿಯಲ್ಲಿ ಉತ್ತರಗಳು ಬದಲಾದುದಕ್ಕಿಂತ ಹೆಚ್ಚಾಗಿ ಪ್ರಶ್ನೆಯೇ ಹಲವು ಬಾರಿ ಬದಲಾಯಿತು. ಪ್ರಶ್ನೆ ಬದಲಾದಂತೆಲ್ಲ ಒಂದೇ ಧಾನ್ಯಕ್ಕೆ ಒಮ್ಮೆ ಮನ್ನಣೆಯೂ ಮತ್ತೊಮ್ಮೆ ತಾತ್ಸಾರವೂ ದೊರೆತಿವೆ. ಹಳೆಯ ಮೈಸೂರು ಸೀಮೆಯ ಮುಖ್ಯ ಆಹಾರವಾದ ರಾಗಿಯನ್ನು ನಿದರ್ಶನವಾಗಿಟ್ಟುಕೊಂಡು ಈ ಪರಿವರ್ತನೆಯನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲ ಮಾನ ತೂಕದ್ದು. ಧಾತು, ಈಶ್ವರ ಸಂವತ್ಸರಗಳ ಬರವು (1876-78) ದಕ್ಷಿಣ ಭಾರತವನ್ನು ಕಾಡಿತು. 1871ರ ಜನಗಣತಿಯಲ್ಲಿ ಸುಮಾರು ಐವತ್ತೂವರೆ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿದಿತ್ತು. ಬರಪರಿಹಾರದ ಮೇಲ್ವಿಚಾರಣೆಗಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಅಲ್ಪ ಕಾಸು ಸಾಕೆಂದು 1877ರಲ್ಲಿ ಗೊತ್ತುಮಾಡಿದರು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಕೆಲವೇ ತಿಂಗಳುಗಳಲ್ಲಿ ಪ್ರಮಾಣವನ್ನು ಏರಿಸಬೇಕಾಯಿತು. ಮನುಷ್ಯನಿಗೆ ಎಷ್ಟು ಆಹಾರ ಬೇಕೆಂಬ ಪ್ರಶ್ನೆ ನಮ್ಮಲ್ಲಿ ಲೆಕ್ಕಪತ್ರದ ವಿಷಯವಾದುದು ಹೀಗೆ, ಸಾಯುತ್ತಿದ್ದವರ ನಡುವೆ. 1880ರ ಕ್ಷಾಮ ಆಯೋಗವು ಇನ್ನೊಂದು ಸಂಗತಿಯನ್ನೂ ಗುರುತಿಸಿತು: ದೇಶದಲ್ಲಿ ಧಾನ್ಯ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಕೂಲಿ ತಪ್ಪಿದವನಿಗೆ ಅದನ್ನು ಕೊಳ್ಳುವ ಶಕ್ತಿ ಇರುವುದಿಲ್ಲ. ಈ ಮಾತಿಗೆ ಶಾಸ್ತ್ರದಲ್ಲಿ ತಕ್ಕ ಸ್ಥಾನ ದೊರೆಯಲು ಇನ್ನೂ ನೂರು ವರ್ಷ ಬೇಕಾಯಿತು.

ಎರಡನೆಯ ಮಾನವನ್ನು ಸಿದ್ಧಪಡಿಸಿದುದು ಕೂನೂರಿನ ಪ್ರಯೋಗಶಾಲೆ. ಅಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಭಾರತದ ವಿವಿಧ ಜನರ ಊಟವನ್ನು ಇಲಿಗಳಿಗೆ ಉಣಿಸಿ ಅವುಗಳ ಬೆಳವಣಿಗೆಯನ್ನು ತೂಗಿದರು. ಸಿಖ್ಖರ ಆಹಾರಕ್ಕೆ ಅಗ್ರಸ್ಥಾನ ಸಂದಿತು. ಕನ್ನಡಿಗರದು ಬಂಗಾಳಿಗಳ ಮತ್ತು ಮದರಾಸಿಗಳ ಆಹಾರಕ್ಕಿಂತ ತುಸು ಮೇಲೆ ನಿಂತಿತು. ಆ ಕನ್ನಡಿಗನು ಮುದ್ದೆಯುಣ್ಣುವವನೋ, ಜೋಳದ ರೊಟ್ಟಿಯವನೋ, ಕರಾವಳಿಯ ಅನ್ನದವನೋ ಎಂದು ನಾವು ಕೇಳಬಹುದು. ಒಂದು ನಾಡಿಗೆ ಒಂದೇ ಊಟವೆಂದು ಭಾವಿಸುವುದು ಆ ಕಾಲದ ಸಂಶೋಧನೆಯ ದೋಷಗಳಲ್ಲೊಂದು. ಆದರೂ ಮ್ಯಾಕ್‌ಕ್ಯಾರಿಸನ್ನರ ದೃಷ್ಟಿ ಸಂಕುಚಿತವಾಗಿರಲಿಲ್ಲ. ಬಿ. ವಿಶ್ವನಾಥರೊಡನೆ 1926ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು, ಕೊಟ್ಟಿಗೆ ಗೊಬ್ಬರದಿಂದ ಬೆಳೆದ ಕಿರುಧಾನ್ಯ ಮತ್ತು ಗೋಧಿಗಳಲ್ಲಿ ಪೋಷಕ ಗುಣ ಹೆಚ್ಚೆಂದು ವಾದಿಸಿದರು. ಮಣ್ಣಿನ ಆರೋಗ್ಯಕ್ಕೂ ಉಣ್ಣುವವನ ಆರೋಗ್ಯಕ್ಕೂ ಸಂಬಂಧವುಂಟೆಂಬ ವಿಚಾರ ಆಗಲೇ ಮೊಳೆತಿತ್ತು. ಇಂದೂರಿನಲ್ಲಿ ಆಲ್ಬರ್ಟ್ ಹೊವರ್ಡ್ ಕೈಗೊಂಡ ಗೊಬ್ಬರದ ಪ್ರಯೋಗಗಳೂ, ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಕಾಂಪೋಸ್ಟು ವಿಧಾನವೂ ಇದೇ ದಿಕ್ಕಿನವು. ಕೂನೂರಿನಲ್ಲಿ ಮ್ಯಾಕ್‌ಕ್ಯಾರಿಸನ್ನರ ಉತ್ತರಾಧಿಕಾರಿಯಾದ ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು ಹೊರತಂದರು. ಇಂಥ ಪಟ್ಟಿಗಳಲ್ಲಿ ರಾಗಿಗೆ ಗೌರವ ಬಂದಿತು: ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಗಿಲಾದ ಕ್ಯಾಲ್ಸಿಯಂ ಇದ್ದು, ಅಕ್ಕಿಯಲ್ಲಿ ಅದರ ಅಲ್ಪಾಂಶ ಮಾತ್ರವಿದೆ.

ಈ ಗೌರವ ಬಹುಕಾಲ ನಿಲ್ಲಲಿಲ್ಲ. 1943ರ ಬಂಗಾಳದ ಕ್ಷಾಮ, ಅನಂತರದ ಧಾನ್ಯಾಭಾವ ಇವುಗಳಿಂದ ತೂಕದ ಪ್ರಶ್ನೆ ಮತ್ತೆ ಮುಂದಾಯಿತು. ಅದರ ಜೊತೆಯಲ್ಲಿ ಬಂದುದು ಪ್ರೋಟೀನಿನ ಮಾನ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯವು ಕಡಲೆಕಾಯಿ ಹಿಂಡಿಯ ಹಿಟ್ಟು ಮೂರು ಭಾಗ, ಕಡಲೆಬೇಳೆಯ ಹಿಟ್ಟು ಒಂದು ಭಾಗ ಸೇರಿಸಿ ವಿವಿಧೋದ್ದೇಶ ಆಹಾರವನ್ನು ತಯಾರಿಸಿತು. ಎಣ್ಣೆ ತೆಗೆದುಳಿದ ಹಿಂಡಿಯನ್ನು ಮನುಷ್ಯನ ಆಹಾರವಾಗಿಸಿದ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ನೂರಕ್ಕೆ ಏಳರಷ್ಟೇ ಪ್ರೋಟೀನುಳ್ಳ ರಾಗಿಯು ಈ ತಕ್ಕಡಿಯಲ್ಲಿ ಹಗುರವಾಯಿತು. ಮುಂದೆ ಹೈದರಾಬಾದಿನ ಸಂಶೋಧಕರೇ, ನಮ್ಮ ಬಡಮಕ್ಕಳ ಊಟದಲ್ಲಿ ಮೊದಲು ಕೊರತೆಯಾಗಿರುವುದು ಪ್ರೋಟೀನಲ್ಲ, ಒಟ್ಟು ಊಟವೇ ಎಂದು ತೋರಿಸಿದರು. 1974ರಲ್ಲಿ ಮ್ಯಾಕ್‌ಲಾರೆನ್ ಎಂಬ ವೈದ್ಯರು ಪ್ರೋಟೀನಿನ ಆ ಉತ್ಸಾಹವನ್ನು ದೊಡ್ಡ ವೈಫಲ್ಯವೆಂದೇ ಕರೆದರು.

ಹಸಿರು ಕ್ರಾಂತಿಯ ಕಥೆ ಎಲ್ಲರೂ ಬಲ್ಲುದು. ನೀರು, ರಸಗೊಬ್ಬರಗಳ ನೆರವಿದ್ದ ಗೋಧಿ, ಭತ್ತಗಳಿಗೆ ಅದು ಒಲಿಯಿತು. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದುದು ಅದೇ ಕಾಲದ ದೊಡ್ಡ ಸಾಧನೆಯಾದರೂ ಅದಕ್ಕೆ ಅಷ್ಟು ಪ್ರಚಾರ ದೊರೆಯಲಿಲ್ಲ. 1981ರಲ್ಲಿ ಅಮರ್ತ್ಯ ಸೇನರು, 1943ರಲ್ಲಿ ಬಂಗಾಳದ ಧಾನ್ಯ ಬರವಿಲ್ಲದ 1941ಕ್ಕಿಂತ ಕಡಮೆಯಿರಲಿಲ್ಲವೆಂದು ವಾದಿಸಿದರು. ಅವರ ಅಂಕಿಗಳನ್ನು ಒಪ್ಪದವರಿದ್ದಾರೆ. ಆದರೆ 1880ರ ಆಯೋಗದ ಮಾತು ಶಾಸ್ತ್ರದೊಳಗೆ ಬಂದುದು ಅವರಿಂದ. ನೀರು ಮತ್ತು ಮಣ್ಣು ಎಷ್ಟು ಕಾಲ ತಾಳುತ್ತವೆಂಬ ಇಂದಿನ ಪ್ರಶ್ನೆ ರಾಗಿಯನ್ನು ಮತ್ತೆ ಮೇಲಕ್ಕೆತ್ತಿದೆ. 2013ರ ಆಹಾರ ಭದ್ರತಾ ಕಾಯಿದೆಯಲ್ಲಿ 'ಒರಟು ಧಾನ್ಯ'ವಾಗಿದ್ದ ಗುಂಪಿಗೆ ಭಾರತ ಸರ್ಕಾರವು 2018ರಲ್ಲಿ 'ಪೋಷಕ ಧಾನ್ಯ'ವೆಂಬ ಹೆಸರಿತ್ತಿತು. ವಿಶ್ವಸಂಸ್ಥೆಯು 2023ನ್ನು ಕಿರುಧಾನ್ಯಗಳ ವರ್ಷವೆಂದು ಸಾರಿತು.

ಈ ಯಾವ ಮಾನಕ್ಕೂ ಸುಲಭವಾಗಿ ಸಿಕ್ಕದ ಗುಣವೊಂದು ರಾಗಿಗಿದೆ. ಹಗೇವಿನಲ್ಲಿ ಹಾಕಿ ಮುಚ್ಚಿದ ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತದೆ. ಒಳ್ಳೆಯ ವರ್ಷದ ಬೆಳೆಯನ್ನು ಕೆಟ್ಟ ವರ್ಷಕ್ಕೆ ದಾಟಿಸುವ ಏರ್ಪಾಡು ಅದು. ಅದನ್ನು ಅತಿಯಾಗಿ ಹೊಗಳಲು ನಾವು ಸಿದ್ಧರಿಲ್ಲ: ಹಗೇವಿದ್ದುದು ಹೊಲವಿದ್ದವನಿಗೆ, ಧಾತು ಈಶ್ವರದ ಬರದಲ್ಲಿ ಮೊದಲು ಬಿದ್ದವನು ಕೂಲಿಯವನು. ಆದರೂ ಯಾವ ಊರಿನಲ್ಲಿ ಎಷ್ಟು ಹಗೇವುಗಳಿದ್ದುವು, ಯಾರವು, ಬರ ಬಂದಾಗ ಅವು ಯಾರಿಗಾಗಿ ತೆರೆದುವು ಎಂಬುದು ಪೋಷಕಾಂಶಗಳ ಪಟ್ಟಿಯಲ್ಲಿ ಸಿಗುವ ವಿಷಯವಲ್ಲ. ಹಳ್ಳಿಗಳಲ್ಲಿ ಬಹುಪಾಲು ಹಗೇವುಗಳು ಮುಚ್ಚಿಹೋಗಿವೆ. ಅವುಗಳ ಬಾಯಿ ಎಲ್ಲಿತ್ತೆಂದು ತೋರಿಸಬಲ್ಲ ಹಿರಿಯರಿನ್ನೂ ಇದ್ದಾರೆ. ನಮ್ಮ ವಿಭಾಗದ ವಿದ್ಯಾರ್ಥಿಗಳು ಮುಂದಿನ ಬೇಸಗೆಯಲ್ಲಿ ಅಲ್ಲಿಂದ ಆರಂಭಿಸಬಹುದು.