ಕೊಬ್ಬರಿ ಸೀಮೆಯಲ್ಲಿ ಕೊಪ್ಪರಿಗೆ ಹುಡುಕೋರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ನೆಲ ಅಗೆಯದ ಮನುಷ್ಯ ಸಿಗೋದು ಕಷ್ಟ. ಒಂದು ತೆಂಗಿನ ಸಸಿ ಇಡಬೇಕು ಅಂದ್ರೆ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಗುಂಡಿ ಬೇಕು. ಮೂವತ್ತು ಅಡಿಗೊಂದರಂತೆ ಇಟ್ಟರೂ ಎಕರೆಗೆ ಹೆಚ್ಚೂ ಕಡಿಮೆ 48 ಗುಂಡಿ ಆಗುತ್ತೆ. ಅದರ ಮೇಲೆ ಪಾತಿ, ಬದು, ಟ್ರೆಂಚು, ಪೈಪ್‌ಲೈನು. ಇಷ್ಟು ಅಗೆದ ಮೇಲೆ ಏನಾದರೂ ಸಿಕ್ಕೇ ಸಿಗುತ್ತೆ. ಪಕ್ಕದ ತೋಟದವರು ಬದುವಿನ ಮೇಲೆ ನಿಂತು ಕೇಳೋದೂ ಇದ್ದಿದ್ದೇ:

“ಏನಪ್ಪಾ, ಕೊಪ್ಪರಿಗೆ ಸಿಕ್ತಾ?”

“ಎಲ್ಲಿ ಕೊಪ್ಪರಿಗೆ ಬಿಡಣ್ಣ, ಬರೀ ಬೋಕಿಬಿಲ್ಲೆ.”

ಬೋಕಿಬಿಲ್ಲೆ ಅಂದರೆ ಒಡೆದ ಮಡಕೆಯ ಚೂರು. ಅದರ ಜೊತೆಗೆ ಎತ್ತಿನ ಲಾಳ, ಗಾಡಿಯ ಕಡಾಣಿ, ಸವೆದ ನೇಗಿಲ ಕುಳ, ಕಪ್ಪಗೆ ತೂತುತೂತಾದ ಕಬ್ಬಿಣದ ಕಿಟ್ಟ, ಅದೃಷ್ಟವಿದ್ದರೆ ಹಸಿರು ಹಿಡಿದ ಒಂದು ಆನೆಕಾಸು. ನೋಡಿದವರು “ಥೂ, ಕಸ” ಅಂತ ಬದುವಿನಾಚೆ ಎಸೀತಾರೆ. ನಾನು ಹೇಳಬೇಕಾಗಿರೋದು ಇಷ್ಟೇ: ನಮ್ಮ ಸೀಮೆಯ ಚರಿತ್ರೆ ಹೆಚ್ಚಾಗಿ ಇರೋದು ಈ ಕಸದಲ್ಲೇ. ಕೊಪ್ಪರಿಗೆ ಹುಡುಕೋರು ಹಾಳು ಮಾಡೋದೂ ಇದನ್ನೇ.

ಕಿಟ್ಟವನ್ನೇ ತಗೊಳ್ಳಿ. ಅದಿರನ್ನು ಇದ್ದಿಲಿನ ಜೊತೆ ಕುಲುಮೆಗೆ ಹಾಕಿ, ತಿದಿ ಒತ್ತಿ ಕರಗಿಸಿದಾಗ ಕಬ್ಬಿಣ ಒಂದು ಕಡೆ, ಕಲ್ಮಶ ಒಂದು ಕಡೆ ಆಗುತ್ತೆ. ಆ ಕಲ್ಮಶವೇ ಕಿಟ್ಟ. ಟಿಪ್ಪು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿಗೂ ಬಂದಿದ್ದ. ಇಲ್ಲಿನ ಕಬ್ಬಿಣದ ಅದಿರಿನ ಗುಡ್ಡ ನೋಡಿದ, ತೆಂಗು ನೋಡಿದ, ಸಂತೆ ನೋಡಿದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ 3 ಸಂಪುಟಗಳಾಗಿ ಅಚ್ಚಾಯಿತು. ಅವನು ಬರೆದುಕೊಂಡು ಹೋದ. ಆದರೆ ಕುಲುಮೆ ಊದಿದವರು ಏನನ್ನೂ ಬರೆದಿಡಲಿಲ್ಲ. ಅವರು ಬಿಟ್ಟುಹೋದ ಸಾಕ್ಷಿ ಕಿಟ್ಟದ ರಾಶಿ ಮಾತ್ರ. ಯಾವ ಹೊಲದಲ್ಲಿ ಕಿಟ್ಟ ದಂಡಿಯಾಗಿ ಸಿಗುತ್ತೋ ಅಲ್ಲಿ ಅಥವಾ ಅದರ ಆಸುಪಾಸಲ್ಲಿ ಕುಲುಮೆ ಇತ್ತು ಅಂತ ಲೆಕ್ಕ. ಆ ಕಿಟ್ಟವನ್ನು ಟ್ರ್ಯಾಕ್ಟರಿಗೆ ತುಂಬಿ ದಾರಿಯ ಗುಂಡಿಗೆ ಸುರಿದರೆ ಆ ಊರಿನ ಕಮ್ಮಾರಿಕೆಯ ಕತೆ ಅಲ್ಲಿಗೆ ಮುಗೀತು.

ಲಾಳವೂ ಹಾಗೇ. ತಿಪಟೂರು ಪಕ್ಕದ ಕೋನೇಹಳ್ಳಿಯಲ್ಲಿ ಅಮೃತಮಹಲ್ ರಾಸುಗಳ ತಳಿ ಕೇಂದ್ರ ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪು ಕಾಲಕ್ಕೆ ಅಮೃತಮಹಲ್ ಆಯಿತು. ದಂಡಿನ ತೋಪು, ಸಾಮಾನು ಎಳೆದದ್ದು ಈ ಎತ್ತುಗಳೇ. ಕಾವಲಿನ ಅಂಚಲ್ಲಿ, ಹಳೇ ಗಾಡಿ ಜಾಡಿನಲ್ಲಿ ಸಾಲಾಗಿ ಲಾಳ, ಲಾಳದ ಮೊಳೆ ಸಿಕ್ಕರೆ ಅದು ರಸ್ತೆಯ ನಕ್ಷೆ ಇದ್ದಂತೆ. ಒಂದೇ ಲಾಳ ಕೈಗೆತ್ತಿಕೊಂಡು ಎಲ್ಲಿಯದು ಅಂತ ಮರೆತರೆ ಅದು ಗುಜರಿ.

ಈಗ ಯಂತ್ರದ ವಿಚಾರಕ್ಕೆ ಬರೋಣ. ಮೆಟಲ್ ಡಿಟೆಕ್ಟರ್ ಅನ್ನೋದು ನಿಧಿಗಾಗಿ ಹುಟ್ಟಿದ್ದಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡು ಹುಡುಕೋಕೆ ಟೆಲಿಫೋನಿನ ಗ್ರಹಾಂ ಬೆಲ್ ಒಂದು ಸಾಧನ ಹಿಡಿದುಕೊಂಡು ಬಂದ. ಗುಂಡು ಪತ್ತೆಯಾಗಲಿಲ್ಲ. ಹಾಸಿಗೆಯೊಳಗಿದ್ದ ಲೋಹದ ಸ್ಪ್ರಿಂಗೇ ಯಂತ್ರವನ್ನು ದಾರಿ ತಪ್ಪಿಸಿತು ಅನ್ನೋ ಮಾತಿದೆ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೈನ್ಯಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ಡಿಟೆಕ್ಟರನ್ನು 1942ರಲ್ಲಿ ಎಲ್ ಅಲಮೇನ್ ಮರಳುಗಾಡಿನಲ್ಲಿ ನೆಲಬಾಂಬು ಹುಡುಕೋಕೆ ಬಳಸಿದರು. ಜೀವ ಉಳಿಸೋಕೆ ಬಂದ ಯಂತ್ರ ಆಮೇಲೆ ಹವ್ಯಾಸಿಗಳ ಕೈಗೆ ಬಂತು.

ಅದರ ಕೆಲಸ ಸರಳ. ಸುರುಳಿಯಲ್ಲಿ ಕರೆಂಟು ಹರಿದು ಕಾಂತಕ್ಷೇತ್ರ ಹುಟ್ಟುತ್ತೆ, ನೆಲದಲ್ಲಿರೋ ಲೋಹ ಅದನ್ನು ಕದಡುತ್ತೆ, ಯಂತ್ರ ಕಿರುಚುತ್ತೆ. ಬಂಗಾರಕ್ಕೂ ಕಿರುಚುತ್ತೆ, ಬಿಯರ್ ಬಾಟಲಿ ಮುಚ್ಚಳಕ್ಕೂ ಕಿರುಚುತ್ತೆ. ಚಿಕ್ಕನಾಯಕನಹಳ್ಳಿ ಕಡೆಯಂತೂ ಕೇಳಲೇಬೇಡಿ. ಚಿತ್ರದುರ್ಗದಿಂದ ಇಳಿದು ಬಂದಿರೋ ಅದಿರಿನ ಬಂಡೆಗಳ ಪಟ್ಟಿ ಆ ತಾಲ್ಲೂಕನ್ನು ಹಾದುಹೋಗುತ್ತೆ. 2011ರಲ್ಲಿ ಸುಪ್ರೀಂ ಕೋರ್ಟು ತಡೆಯುವವರೆಗೂ ಲಾರಿಗಟ್ಟಲೆ ಅದಿರು ಹೋಗಿದ್ದು ಅಲ್ಲಿಂದಲೇ. ಅಂಥ ನೆಲದಲ್ಲಿ ಕಲ್ಲಿಗೂ ಕಿಟ್ಟಕ್ಕೂ ಯಂತ್ರ ಕೂಗುತ್ತೆ. ಕೂಗಿದ ಕಡೆಯೆಲ್ಲಾ ಅಗೆದರೆ ಸಿಗೋದು ಅದಿರು, ಮೊಳೆ, ಮತ್ತೆ ಮೊಳೆ.

ಆದರೂ ರಾತ್ರಿ ಅಗೆಯೋರು ನಿಂತಿಲ್ಲ. ಅವರ ಕಣ್ಣು ಬೀಳೋದು ಹೊಲದ ಮೇಲಲ್ಲ, ನಿಂತಿರೋ ಕಲ್ಲಿನ ಮೇಲೆ. ವೀರಗಲ್ಲು, ಮಾಸ್ತಿಕಲ್ಲು, ಊರ ಮುಂದಿನ ಕರುಗಲ್ಲು, ಪಾಳುಗುಡಿಯ ಬಸವ, ಲಿಂಗದ ಪೀಠ. “ಕಲ್ಲಿನ ಮೇಲೆ ಗುರುತಿದ್ದರೆ ಕೆಳಗೆ ಹೊನ್ನಿದೆ” ಅನ್ನೋ ಮೂಢ ಲೆಕ್ಕ. ಹೊಲಕ್ಕೆ ನೆಟ್ಟ ಲಿಂಗಮುದ್ರೆ ಕಲ್ಲಿನ ಗುರುತು ದಾನದ ಭೂಮಿಯ ಎಲ್ಲೆಯನ್ನು ಹೇಳುತ್ತೆ, ಹೊನ್ನಿನ ದಾರಿಯನ್ನಲ್ಲ. ಗರ್ಭಗುಡಿ ಕಟ್ಟುವಾಗ ಶಾಸ್ತ್ರಕ್ಕೆ ಧಾನ್ಯ, ರತ್ನದ ಚೂರು, ಲೋಹದ ತುಣುಕು ಇಡೋ ಪದ್ಧತಿ ಇತ್ತು, ನಿಜ. ಅದು ಪೂಜೆಯ ಭಾಗ, ಖಜಾನೆ ಅಲ್ಲ. ಆ ಚೂರಿಗಾಗಿ ಏಳುನೂರು ವರ್ಷದ ಪೀಠ ಒಡೀತಾರೆ.

2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ಆಗಿದ್ದು ಇದೇ. ತುಂಗಭದ್ರೆಯ ನಡುಗಡ್ಡೆಯಲ್ಲಿರೋ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಗೆ ರಾತ್ರೋರಾತ್ರಿ ಕೆಡವಿದರು. ಭಕ್ತರು ಸೇರಿ ಕೂಡಲೇ ಮತ್ತೆ ನಿಲ್ಲಿಸಿದರು, ಪೊಲೀಸರು ಆರೋಪಿಗಳನ್ನು ಹಿಡಿದರು. ಅದು ದೊಡ್ಡವರ ವೃಂದಾವನ, ನಾಡೆಲ್ಲಾ ಸುದ್ದಿಯಾಯಿತು. ಹೆಸರಿಲ್ಲದ ಹಾಳೂರಿನ ವೀರಗಲ್ಲನ್ನು ಉರುಳಿಸಿದರೆ ಕೇಳೋರು ಯಾರು?

ನಮ್ಮ ಸೀಮೆಯಲ್ಲಿ ಹಾಳೂರಿಗೇನು ಕಮ್ಮಿ. ಬರಕ್ಕೆ, ರೋಗಕ್ಕೆ, ನೀರಿಲ್ಲದ್ದಕ್ಕೆ ಜನ ಬಿಟ್ಟುಹೋದ ಊರುಗಳು ರೆವಿನ್ಯೂ ದಾಖಲೆಯಲ್ಲಿ ಇನ್ನೂ ‘ಬೇಚರಾಕ್ ಗ್ರಾಮ’ ಅಂತ ಉಳಿದಿವೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿ 9ನೇ ಶತಮಾನದ್ದು, ಶೆಟ್ಟಿಕೆರೆಯ ಯೋಗಮಾಧವ ಗುಡಿ 1261ರದ್ದು, ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿ 1286ರದ್ದು. ಇಂಥ ಗುಡಿ ಎದ್ದ ಕಡೆ ಕುಂಬಾರ, ಕಮ್ಮಾರ, ಗಾಣಿಗ, ಒಕ್ಕಲಿಗ ಎಲ್ಲರೂ ಇದ್ದಿರಲೇಬೇಕಲ್ಲ? ಗುಡಿ ಕಟ್ಟಿಸಿದ ದಂಡನಾಯಕನ ಹೆಸರು ಶಾಸನದಲ್ಲಿದೆ. ಮಿಕ್ಕವರ ಹೆಸರು ಎಲ್ಲೂ ಇಲ್ಲ. ಅವರ ಪಾಲಿಗೆ ಉಳಿದಿರೋದು ದಿಬ್ಬದ ಬೂದಿ, ಬೋಕಿಬಿಲ್ಲೆ, ಕಿಟ್ಟ.

ಸಿಕ್ಕ ವಸ್ತುವಿಗಿಂತ ಸಿಕ್ಕ ಜಾಗ ದೊಡ್ಡದು ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯದ ಗಂಟು ಸಿಕ್ಕಿತು. ಒಟ್ಟು 163. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ದೊರೆಗಳ ಕಾಲದವು. ಕ್ಲಾಡಿಯಸ್ ಪಟ್ಟಕ್ಕೆ ಬಂದದ್ದು ಕ್ರಿ.ಶ. 41ರಲ್ಲಿ. ಹಾಗಾಗಿ ಆ ಗಂಟು ನೆಲ ಸೇರಿದ್ದು ಅದಾದ ಮೇಲೇ ಅಂತ ಧೈರ್ಯವಾಗಿ ಹೇಳಬಹುದು. ಎಲ್ಲಾ ಒಟ್ಟಿಗೆ ಸಿಕ್ಕಿ, ಎಲ್ಲಿ ಸಿಕ್ಕಿತು ಅಂತ ದಾಖಲಾಗಿದ್ದಕ್ಕೆ ಇಷ್ಟು ತಿಳೀತು. ಕೂಲಿಯವರು, ಮೇಸ್ತ್ರಿ, ಅಕ್ಕಸಾಲಿ ಅಂತ ಹತ್ತು ಕಡೆ ಹಂಚಿಹೋಗಿದ್ದರೆ? ಕ್ಲಾಡಿಯಸ್ಸನ ನಾಣ್ಯ ಯಾರದೋ ಕಾಲುಗೆಜ್ಜೆಯಾಗಿ, ಬೆಂಗಳೂರಿಗೂ ರೋಮಿಗೂ ಇದ್ದ ನಂಟಿನ ಒಂದು ಸಾಕ್ಷಿ ಕರಗಿ ಹೋಗ್ತಿತ್ತು. ಬಿ.ಎಲ್. ರೈಸ್ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ ಹೊರತಂದಿದ್ದು 1904ರಲ್ಲಿ. ಅದರಲ್ಲೂ ಶಾಸನದ ಪಾಠದ ಜೊತೆ ಕಲ್ಲು ಯಾವ ಊರಲ್ಲಿ, ಯಾವ ಕಡೆ ನಿಂತಿತ್ತು ಅಂತ ಬರೆದಿದೆ. ಜಾಗ ಬರೆಯೋದು ಪಂಡಿತರ ಚಟ ಅಲ್ಲ, ಅರ್ಧ ಅರ್ಥ ಅಲ್ಲೇ ಇರುತ್ತೆ.

ಕಾನೂನು ಏನು ಹೇಳುತ್ತೆ? 1878ರ ನಿಧಿ ಕಾಯಿದೆ ಪ್ರಕಾರ ನೆಲದಲ್ಲಿ ಅಡಗಿದ್ದ 10 ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ವಸ್ತು ಸಿಕ್ಕರೂ ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಅಂತ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕಿತ್ತು. ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು. ನಮ್ಮ ರಾಜ್ಯಕ್ಕೆ 1962ರಲ್ಲಿ ತನ್ನದೇ ನಿಧಿ ಕಾಯಿದೆ ಬಂತು. 1972ರ ಪುರಾತನ ವಸ್ತುಗಳ ಕಾಯಿದೆಯಲ್ಲಿ 100 ವರ್ಷ ದಾಟಿದ ವಿಗ್ರಹ, ನಾಣ್ಯ, ಶಾಸನ ಎಲ್ಲಾ ಸೇರುತ್ತೆ. ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ನಿಧಿಗಾಗಿ ವಾಮಾಚಾರ ಮಾಡೋದನ್ನು ತಡೆಯೋಕೆ ಅಂತಲೇ ರಾಜ್ಯದ 2017ರ ಕಾಯಿದೆಯಲ್ಲೂ ಜಾಗ ಇದೆ. “ನಮ್ಮ ತೋಟ, ನಮ್ಮಿಷ್ಟ” ಅನ್ನೋ ಮಾತು ಇಲ್ಲಿ ನಡೆಯಲ್ಲ.

ಬ್ರಿಟನ್ನಿನಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ ಡಿಟೆಕ್ಟರ್ ಹಿಡಿದು ಹೊಲ ಸುತ್ತೋದು ದೊಡ್ಡ ಹವ್ಯಾಸ. 1996ರಲ್ಲಿ ಹೊಸ ನಿಧಿ ಕಾಯಿದೆ ಮಾಡಿ, 1997ರಿಂದ ಸಿಕ್ಕಿದ್ದನ್ನು ಸ್ವಇಚ್ಛೆಯಿಂದ ದಾಖಲಿಸೋ ಯೋಜನೆ ತಂದರು. 15 ಲಕ್ಷಕ್ಕೂ ಹೆಚ್ಚು ವಸ್ತು ದಾಖಲಾಗಿವೆ. ಅಲ್ಲಿನ ಹವ್ಯಾಸಿಗಳ ಶಿಷ್ಟಾಚಾರ ನಾಲ್ಕೇ ಮಾತು: ಹೊಲದವರನ್ನು ಕೇಳು, ತೋಡಿದ ಗುಂಡಿ ಮುಚ್ಚು, ಸಿಕ್ಕಿದ್ದನ್ನು ಹೇಳು, ಕಸವನ್ನು ಹೊತ್ತುಕೊಂಡು ಹೋಗು. ನಮ್ಮಲ್ಲಿ ಅಂಥ ವ್ಯವಸ್ಥೆ ಬೆಳೆದಿಲ್ಲ, ಯಂತ್ರ ತಂದು ಹುಡುಕಿ ಅಂತ ನಾನು ಹೇಳ್ತಾನೂ ಇಲ್ಲ. ಆದರೆ ಯಂತ್ರವಿಲ್ಲದೆಯೂ ದಿನಾ ಅಗೆಯೋ ನಮಗೆ ಈ ನಾಲ್ಕು ಮಾತು ಹೊಸದೇನಲ್ಲ. ರಾತ್ರಿ ಬಾಂದುಕಲ್ಲು ಕಿತ್ತು ಸರಿಸೋನನ್ನು ಊರು ಇವತ್ತಿಗೂ ಮನುಷ್ಯ ಅನ್ನಲ್ಲ. ನಿಂತ ಕಲ್ಲನ್ನು ಮುಟ್ಟಬಾರದು ಅನ್ನೋ ಮರ್ಯಾದೆ ನಮ್ಮ ಹಿರೀಕರಿಗಿತ್ತು. ಅದನ್ನೇ ವೀರಗಲ್ಲಿಗೂ ಹಾಳೂರಿಗೂ ಹಿಗ್ಗಿಸಿದರೆ ಸಾಕು.

ಇನ್ನು ಕಸದ ಮಾತು. ಗುಂಡಿಯಿಂದ ಮೇಲೆ ಬಂದದ್ದನ್ನು ಮೂರು ಪಾಲು ಮಾಡಿ.

ಒಂದು, ಹಳೆಯದು. ಬೋಕಿ ರಾಶಿ, ಕಿಟ್ಟ, ಕೆತ್ತಿದ ಕಲ್ಲು, ಕಾಸು. ಸಿಕ್ಕ ಜಾಗದಲ್ಲೇ ಫೋಟೊ ತೆಗೀರಿ, ಸರ್ವೆ ನಂಬರು, ಎಷ್ಟು ಅಡಿ ಆಳ ಅಂತ ಬರೀರಿ, ಆಮೇಲೆ ತಹಸೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಕಾಸಿಗೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜೋದು ಬೇಡ. ಕೊಳೆಯ ಜೊತೆ ಅಕ್ಷರವೂ ಹೋಗುತ್ತೆ. ದಿಬ್ಬಕ್ಕೆ ಜೆಸಿಬಿ ಹಾಕೋ ಮುಂಚೆ ಶಾಸನ, ಇತಿಹಾಸ ಗೊತ್ತಿರೋ ಮೇಷ್ಟರೊಬ್ಬರನ್ನು ಕರೆದು ತೋರಿಸಿ.

ಎರಡು, ಅಪಾಯದ್ದು. ಬಾವಿ ತೋಡಿದ ಕಡೆ, ಗಣಿ ಇದ್ದ ಕಡೆ ಸಿಡಿಯದ ಕೇಪು, ಜಿಲೆಟಿನ್ ಕಡ್ಡಿ ಉಳಿದಿರಬಹುದು. ಬೆಳ್ಳಗೆ ಹೊಳೆಯೋ ಸಣ್ಣ ಕೊಳವೆ, ಅದಕ್ಕೆ ತಂತಿ ಕಂಡರೆ ಮುಟ್ಟಬೇಡಿ, ಹುಡುಗರನ್ನು ದೂರ ಕಳಿಸಿ, 112ಕ್ಕೆ ಫೋನ್ ಮಾಡಿ. ಔಷಧಿ ಬಾಟಲಿಯನ್ನು ಕೆರೆಯಲ್ಲಿ ತೊಳೆಯೋದು, ಮನೆಗೆ ಒಯ್ಯೋದು ಎರಡೂ ಬೇಡ.

ಮೂರು, ನಮ್ಮದೇ ಕಸ. ಕಪ್ಪು ತಲೆ ಹುಳಕ್ಕೆ ಬೇರಿಗೆ ಔಷಧಿ ಕಟ್ಟಿ ಹಾಗೇ ಬಿಟ್ಟ ಪ್ಲಾಸ್ಟಿಕ್ ಕವರು, ಹರಿದ ಡ್ರಿಪ್ ಪೈಪು, ಸುಟ್ಟ ಮೋಟರಿನ ತಂತಿ, ಟಾರ್ಚಿನ ಸೆಲ್ಲು, ಗುಟ್ಕಾ ಚೀಟಿ. ಕಬ್ಬಿಣ, ತಾಮ್ರ ಗುಜರಿಗೆ ಹೋಗಲಿ, ಉಳಿದದ್ದು ಪಂಚಾಯ್ತಿಯ ಕಸದ ಗಾಡಿಗೆ. ಗರಿ, ಮೊಟ್ಟೆ ಸುಡೋ ಬೆಂಕಿಗೆ ಹಾಕಬೇಡಿ. ಅದೇ ಗುಂಡಿಗೆ ಹಾಕಿ ಮಣ್ಣು ಎಳೆಯೋದೂ ಬೇಡ, ಅಲ್ಲಿ ಸಸಿ ಬೇರು ಬಿಡಬೇಕು.

ಈ ಮೂರು ಪಾಲಿಗೆ ಬೇಕಾಗೋದು ಎರಡು ಗೋಣಿಚೀಲ, ಒಂದು ಮೊಬೈಲು, ಹತ್ತು ನಿಮಿಷ. ಹಾಳೂರಿನ ದಿಬ್ಬ ಒಂದು ಸಲ ಮಟ್ಟವಾಗಿ ಅಡಿಕೆ ಸಸಿ ಬಿದ್ದರೆ, ಅಲ್ಲಿ ಕುಂಬಾರ ಇದ್ದನೋ ಕಮ್ಮಾರ ಇದ್ದನೋ ಅಂತ ಹೇಳೋಕೆ ಯಾವ ಯಂತ್ರದಿಂದಲೂ ಆಗಲ್ಲ. ಈ ಬೇಸಿಗೆ ಕಳೆದು ಮಳೆ ಬಿದ್ದರೆ ಮತ್ತೆ ಗುಂಡಿ ತೆಗೆಯೋ ಕಾಲ. ಗುದ್ದಲಿಗೆ ಏನಾದರೂ ಠಣ್ ಅಂದರೆ ಒಂದು ಗಳಿಗೆ ನಿಂತು, ಬಗ್ಗಿ ನೋಡಿ.