ಬಿಸಿನೀರಿನ ಅಪಸ್ಮಾರ: ನರಮಂಡಲದ ಒಂದು ವಿಶಿಷ್ಟ ವ್ಯಾಧಿಯ ವಿವೇಚನೆ

ಅಪಸ್ಮಾರವು ಚರಕಾದಿಗಳ ಕಾಲದಿಂದಲೂ ನಮ್ಮ ವೈದ್ಯರಿಗೆ ಪರಿಚಿತವಾದ ವ್ಯಾಧಿ. ಆದರೂ ಅದರ ಒಂದು ಪ್ರಭೇದವು ದಕ್ಷಿಣ ಭಾರತದಲ್ಲಿ, ವಿಶೇಷತಃ ಕರ್ನಾಟಕದ ದಕ್ಷಿಣ ಭಾಗದಲ್ಲಿ, ಅನ್ಯತ್ರ ವಿರಳವಾದಷ್ಟು ಪ್ರಾಚುರ್ಯದಿಂದ ಕಾಣಬರುತ್ತದೆ. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಈ ಮೂರ್ಛೆಯನ್ನು 1945ರಲ್ಲಿ ನ್ಯೂಜಿಲೆಂಡಿನ ವೈದ್ಯ ಅಲೆನ್ ವರ್ಣಿಸಿದ್ದರು. 1968ರಲ್ಲಿ ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಇದನ್ನು ನಮ್ಮ ವೈದ್ಯಲೋಕದ ಗಮನಕ್ಕೆ ತಂದರು, 1988ರಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ನರಮಂಡಲದ ಸೂಕ್ಷ್ಮತೆಯೂ ನಮ್ಮ ಸ್ನಾನಪದ್ಧತಿಯೂ ಸಂಧಿಸುವಲ್ಲಿ ಈ ವ್ಯಾಧಿಯು ಹುಟ್ಟುವುದರಿಂದ, ಚಿಕಿತ್ಸೆಯೂ ಬಚ್ಚಲಮನೆಯಿಂದಲೇ ಆರಂಭವಾಗತಕ್ಕದ್ದೆಂಬುದು ಈ ಲೇಖನದ ಪ್ರತಿಪಾದ್ಯ.

ನಮ್ಮಲ್ಲಿ ತಲೆಸ್ನಾನವೆಂದರೆ ಹಂಡೆಯಲ್ಲಿ ಕಾದ ನೀರನ್ನು ತಂಬಿಗೆಯ ಮೇಲೆ ತಂಬಿಗೆಯಾಗಿ ನೆತ್ತಿಗೆ ಸುರಿದುಕೊಳ್ಳುವುದು. ಆ ನೀರಿನ ಉಷ್ಣತೆ ಅನೇಕ ವೇಳೆ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಾಲ್ಕಾರು ತಂಬಿಗೆ ಬೀಳುವಷ್ಟರಲ್ಲಿ ಈ ವ್ಯಾಧಿಯುಳ್ಳ ಬಾಲಕನ ದೃಷ್ಟಿ ನೆಟ್ಟುನಿಲ್ಲುತ್ತದೆ, ಮಾತು ತೊದಲುತ್ತದೆ, ಹೊರಗಿನಿಂದ ತಾಯಿ ಕೂಗಿದರೆ ಓಗೊಡುವುದಿಲ್ಲ. ಕೆಲವರಲ್ಲಿ ಇದು ಸರ್ವಾಂಗದ ಸೆಳವಾಗಿ ಪರಿಣಮಿಸುತ್ತದೆ. ಮತ್ತೆ ಕೆಲವರು, ಆ ಅರೆಪ್ರಜ್ಞೆಯಲ್ಲಿಯೂ ಏನೋ ಒಂದು ಸುಖವನ್ನು ಅನುಭವಿಸುತ್ತ, ಎಚ್ಚರ ತಪ್ಪುವವರೆಗೂ ನೀರನ್ನು ಹೊಯ್ದುಕೊಳ್ಳುತ್ತಲೇ ಇರುತ್ತಾರೆ.

ಚರ್ಮದಲ್ಲಿರುವ ಉಷ್ಣಗ್ರಾಹಕ ನರಾಗ್ರಗಳು ಬಿಸಿಯ ಸಂವೇದನೆಯನ್ನು ಸ್ವೀಕರಿಸಿದೊಡನೆ, ಮುಖ ಹಾಗೂ ಮುಂದಲೆಯಿಂದ ಐದನೆಯ ಕಪಾಲನರದ ಮೂಲಕವೂ, ಹಿಂದಲೆಯಿಂದ ಕೊರಳಿನ ನರಗಳ ಮೂಲಕವೂ ಅದು ಮಿದುಳನ್ನು ಸೇರುತ್ತದೆ. ದೇಹದ ಉಷ್ಣವನ್ನು ಸಮಸ್ಥಿತಿಯಲ್ಲಿಡುವ ಕೇಂದ್ರವೂ ಮಿದುಳಿನಲ್ಲಿಯೇ, ಹೈಪೊಥಾಲಮಸ್ ಎಂಬ ಭಾಗದಲ್ಲಿದೆ. ಸುಮಾರು 8,600 ಕೋಟಿ ನರಕೋಶಗಳುಳ್ಳ ಮಿದುಳಿನಲ್ಲಿ ಗ್ಲುಟಮೇಟ್ ಮೊದಲಾದ ದ್ರವ್ಯಗಳು ಉದ್ದೀಪನವನ್ನೂ, ಗಾಬಾ ಎಂಬುದು ನಿಗ್ರಹವನ್ನೂ ಉಂಟುಮಾಡುತ್ತವೆ. ಈ ಸಮತೋಲ ಕದಡಿ, ನರಕೋಶಗಳ ಸಮೂಹವೊಂದು ಏಕಕಾಲದಲ್ಲಿ ವಿದ್ಯುತ್ತನ್ನು ಹೊರಚೆಲ್ಲುವುದೇ ಸೆಳವು. ದೃಷ್ಟಿ ನೆಟ್ಟುನಿಲ್ಲುವ ಬಗೆಯ ಸೆಳವು ಬಹುಮಟ್ಟಿಗೆ ಕಿವಿಯ ಮೇಲ್ಭಾಗದ ನೆರೆಯಲ್ಲಿರುವ ಮಿದುಳಿನ ಪಾರ್ಶ್ವಹಾಲೆಗೆ ಸಂಬಂಧಿಸಿದುದು.

ಊರೆಲ್ಲ ಬಿಸಿನೀರಿನಲ್ಲಿ ಮೀಯುತ್ತಿರುವಾಗ ಕೆಲವರಿಗೆ ಮಾತ್ರ ಹೀಗಾಗುವುದಕ್ಕೆ ಆನುವಂಶಿಕ ಪ್ರವೃತ್ತಿಯೂ ಒಂದು ಕಾರಣವೆಂಬುದು, ಒಂದೇ ಮನೆತನದಲ್ಲಿ ಹಲವರು ಪೀಡಿತರಾಗಿರುವ ನಿದರ್ಶನಗಳಿಂದ ವಿದಿತವಾಗುತ್ತದೆ. ಉಷ್ಣದ ಪುನಃಪುನರಾಘಾತದಿಂದ ಮಿದುಳಿನ ಸಹನಶೀಲತೆ ಕ್ರಮೇಣ ಕುಗ್ಗುವುದೆಂಬ ವಾದವೂ ಉಂಟು. ಪೀಡಿತರಲ್ಲಿ ಕೆಲವರಿಗೆ ಕಾಲಾನಂತರ ಸ್ನಾನದ ನಿಮಿತ್ತವಿಲ್ಲದೆಯೂ ಸೆಳವು ಬರುವುದರಿಂದ ಇದನ್ನು ಉಪೇಕ್ಷಿಸಲಾಗದು.

ಚಿಕಿತ್ಸೆಯ ಮೊದಲ ಮೆಟ್ಟಿಲು ಅತ್ಯಂತ ಸರಳ: ನೀರು ಉಗುರುಬೆಚ್ಚಗಿರಲಿ, ನೆತ್ತಿಗೆ ಸುರಿಯುವ ಬದಲು ಒದ್ದೆಬಟ್ಟೆಯಿಂದ ತಲೆಯನ್ನು ಒರೆಸಲಿ. ಇಷ್ಟರಿಂದ ಸಾಲದಿದ್ದಲ್ಲಿ, ಗಾಬಾದ ನಿಗ್ರಹಶಕ್ತಿಯನ್ನು ಹೆಚ್ಚಿಸುವ ಕ್ಲೋಬಜಾಮ್ ಎಂಬ ಔಷಧವನ್ನು ವೈದ್ಯರು ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮುಂಚೆ ಅಲ್ಪ ಪ್ರಮಾಣದಲ್ಲಿ ಕೊಡುತ್ತಾರೆ. ಸ್ನಾನವಿಲ್ಲದೆಯೂ ಸೆಳವು ಬರುವವರಿಗೆ ನಿತ್ಯೌಷಧ ಅವಶ್ಯ. ಗಾಳಿ ಸೋಕಿತೆಂದು ಭ್ರಮಿಸಿ ಮಂತ್ರವಾದಿಯ ಬಾಗಿಲಿಗೆ ಅಲೆಯುತ್ತಿರುವ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಮಗುವನ್ನು ನರರೋಗವೈದ್ಯರಲ್ಲಿಗೆ ಕರೆದೊಯ್ಯಿರಿ, ಅಲ್ಲಿಯವರೆಗೆ ಹಂಡೆಯ ನೀರಿಗೆ ತಣ್ಣೀರು ಬೆರೆಸಿರಿ, ಬಚ್ಚಲಿನ ಅಗಳಿಯನ್ನು ಒಳಗಿನಿಂದ ಹಾಕಿಕೊಳ್ಳಗೊಡಬೇಡಿರಿ.